ಕೊಯ್ನಾ ತುಂಬಿದೆ, ಜತ್ತಕ್ಕೆ ಎಷ್ಟು?

ಜುಲೈ ಅರ್ಧ ಕಳೆಯಿತೆಂದರೆ ಜತ್ತ ತಾಲೂಕಿನ ಚಹಾದಂಗಡಿಗಳಲ್ಲಿ ಒಂದೇ ಮಾತು: "ಕೊಯ್ನಾ ಎಷ್ಟು ತುಂಬಿತು?" ಕೇಳುವವರ ಊರಿನಿಂದ ಆ ಅಣೆಕಟ್ಟು ನೂರೈವತ್ತು ಕಿಲೋಮೀಟರಿಗೂ ದೂರ. ಅವರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಂಡಿಲ್ಲ. ಆದರೂ ಉಮದಿ, ಸಂಖ, ತಿಕ್ಕುಂಡಿ, ಬಾಲಗಾಂವ, ಗುಡ್ಡಾಪುರದ ರೈತರಿಗೆ ಆ ಜಲಾಶಯದ ಮಟ್ಟ ಬಾಯಿಪಾಠ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಆಡುತ್ತ ಬದುಕುವ ಊರುಗಳು ಇವು. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಪೂರ್ವದ ತುದಿಯಲ್ಲಿ, ವಿಜಯಪುರದ ಗಡಿಗೆ ಒರಗಿಕೊಂಡಿವೆ.

ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್, ಅದೂ ಬಂದರೆ ಬಂತು. ಕೊಯ್ನಾ ಹುಟ್ಟುವ ಮಹಾಬಳೇಶ್ವರದಲ್ಲಿ 5,000 ಮಿಲಿಮೀಟರಿಗೂ ಹೆಚ್ಚು. ಅಲ್ಲಿ ಮೂರು ತಿಂಗಳು ಸೂರ್ಯ ಕಾಣುವುದಿಲ್ಲ. ಇಲ್ಲಿ ಅದೇ ಮೂರು ತಿಂಗಳು ಆಕಾಶ ನೋಡಿ ನೋಡಿ ಕತ್ತು ನೋಯುತ್ತದೆ. ನಾನು ಚಿಕ್ಕವನಿದ್ದಾಗ ಟ್ಯಾಂಕರ್ ಬರುವ ಹೊತ್ತಿಗೆ ಕೊಡಗಳ ಸಾಲಿನಲ್ಲಿ ನಮ್ಮ ಮನೆಯ ಕೊಡ ಕಾಯುವುದು ನನ್ನ ಕೆಲಸವಾಗಿತ್ತು. ರೇಡಿಯೋದಲ್ಲಿ ಕೊಯ್ನಾದ ಬಾಗಿಲು ತೆರೆದ ಸುದ್ದಿ ಬಂದ ದಿನವೂ ಆ ಸಾಲು ಹಾಗೆಯೇ ಇತ್ತು. ಅಷ್ಟೊಂದು ನೀರು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆ ಆಗಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೆ ಸಿಕ್ಕ ಉತ್ತರವನ್ನು, ಲೆಕ್ಕ ಸಮೇತ, ಇಲ್ಲಿ ಬರೆಯುತ್ತಿದ್ದೇನೆ.

ಎರಡು ದಿಕ್ಕಿಗೆ ಹರಿಯುವ ಜಲಾಶಯ

ಕೊಯ್ನಾ ವಿಚಿತ್ರ ನದಿ. ಮಹಾಬಳೇಶ್ವರದಿಂದ ಹೊರಟು ಸುಮಾರು 65 ಕಿಲೋಮೀಟರ್ ದೂರ ಸಹ್ಯಾದ್ರಿಯ ಬೆನ್ನಿಗೆ ಸಮಾನಾಂತರವಾಗಿ ದಕ್ಷಿಣಕ್ಕೆ ಹರಿಯುತ್ತದೆ. ಹೆಳವಾಕ ಎಂಬಲ್ಲಿ ಥಟ್ಟನೆ ಪೂರ್ವಕ್ಕೆ ತಿರುಗುತ್ತದೆ. ಕರಾಡದಲ್ಲಿ ಕೃಷ್ಣೆಯನ್ನು ಸೇರಿ ಸಾಂಗಲಿಯ ಮೂಲಕ ಕರ್ನಾಟಕಕ್ಕೆ ಇಳಿಯುತ್ತದೆ. ನದಿ ತಾನಾಗಿ ಆರಿಸಿಕೊಂಡ ದಾರಿ ಇದು: ಪೂರ್ವದ ದಾರಿ, ನಮ್ಮ ದಾರಿ.

ಆದರೆ ಆ ತಿರುವಿನ ಪಶ್ಚಿಮಕ್ಕೆ ಬೆಟ್ಟದ ಒಂದೇ ಗೋಡೆ ಇದೆ. ಗೋಡೆಯ ಆಚೆ ಕೊಂಕಣ, ಒಮ್ಮೆಲೇ ಅರ್ಧ ಕಿಲೋಮೀಟರಿನಷ್ಟು ಕೆಳಗೆ. ಜಲವಿದ್ಯುತ್ ಎಂಜಿನಿಯರನಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1950ರ ದಶಕದಲ್ಲಿ ಕೊಯ್ನಾನಗರದ ಬಳಿ 103 ಮೀಟರ್ ಎತ್ತರದ ಅಣೆಕಟ್ಟು ಕಟ್ಟಲು ಶುರು ಮಾಡಿದರು. ಬೆಟ್ಟದಲ್ಲಿ ಸುರಂಗ ಕೊರೆದು ಪೋಫಳಿಯಲ್ಲಿ ನೆಲದೊಳಗೆ ವಿದ್ಯುದಾಗಾರ ಕಟ್ಟಿದರು. 1962ರಲ್ಲಿ ಮೊದಲ ಘಟಕ ಓಡಿತು. ಈಗ ಜಲಾಶಯದ ಸಾಮರ್ಥ್ಯ 105 ಟಿಎಂಸಿ (ನೂರು ಕೋಟಿ ಘನ ಅಡಿಗೆ ಒಂದು ಟಿಎಂಸಿ), ಯೋಜನೆಯ ಒಟ್ಟು ವಿದ್ಯುತ್ ಸಾಮರ್ಥ್ಯ 1,960 ಮೆಗಾವಾಟ್. ಇದರಲ್ಲಿ 1,000 ಮೆಗಾವಾಟ್ ನಾಲ್ಕನೆಯ ಹಂತದ್ದೇ. ಆ ಹಂತಕ್ಕಾಗಿ 1999ರಲ್ಲಿ ಜಲಾಶಯವನ್ನು ಬರಿದು ಮಾಡದೆ, ನೀರಿನ ಅಡಿಯಿಂದಲೇ ಬಂಡೆ ಸಿಡಿಸಿ ಸುರಂಗಕ್ಕೆ ಬಾಯಿ ತೆರೆದರು. 2012ರಲ್ಲಿ ಇನ್ನೊಮ್ಮೆ ಹಾಗೆಯೇ ಮಾಡಿದರು. ಟರ್ಬೈನುಗಳಿಂದ ಹೊರಬಂದ ನೀರು ಕೋಳಕೇವಾಡಿಯ ಸಣ್ಣ ಜಲಾಶಯದಲ್ಲಿ ನಿಂತು, ಮೂರನೆಯ ಹಂತದ 320 ಮೆಗಾವಾಟಿನ ಟರ್ಬೈನುಗಳಲ್ಲಿ ಇನ್ನೊಮ್ಮೆ ಬಿದ್ದು, ಚಿಪಳೂಣದ ವಾಶಿಷ್ಠಿ ನದಿಯನ್ನು ಸೇರುತ್ತದೆ. ಅಲ್ಲಿಂದ ಅರಬ್ಬಿ ಸಮುದ್ರ.

ಇದರ ಬೆಲೆಯನ್ನು ಬೆಟ್ಟದ ಜನ ತೆತ್ತಿದ್ದಾರೆ. 1967ರ ಡಿಸೆಂಬರ್ 11ರ ನಸುಕಿನಲ್ಲಿ ಕೊಯ್ನಾನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ಸುಮಾರು 180 ಜನ ಸತ್ತರು. ಜಲಾಶಯದ ಭಾರವೇ ಭೂಕಂಪಕ್ಕೆ ಕಾರಣವಾಗಬಹುದೇ ಎಂಬ ಪ್ರಶ್ನೆಗೆ ಜಗತ್ತಿನ ವಿಜ್ಞಾನಿಗಳು ಇಂದಿಗೂ ಉದಾಹರಣೆ ಕೊಡುವುದು ಕೊಯ್ನಾವನ್ನೇ. ಹಿನ್ನೀರಿನಲ್ಲಿ ಊರು ಮುಳುಗಿದವರ ಮೊಮ್ಮಕ್ಕಳು ಪುನರ್ವಸತಿಗಾಗಿ ಇನ್ನೂ ಧರಣಿ ಕೂರುತ್ತಾರೆ. ಜತ್ತದವನಾಗಿ ನಾನು ಕೊಯ್ನಾದ ನೀರು ಕೇಳುವಾಗ ಆ ಜನರ ಹಕ್ಕು ನನ್ನ ಹಕ್ಕಿಗಿಂತ ಮೊದಲಿನದು ಎಂಬುದನ್ನು ಮರೆಯಬಾರದು.

ಪೂರ್ವಕ್ಕೆ ಬರುವ ನೀರಿನ ಬಾಗಿಲು ಬಹಳ ಚಿಕ್ಕದು. ಮಳೆಗಾಲದಲ್ಲಿ ತುಂಬಿ ತುಳುಕಿದಾಗ ಅಣೆಕಟ್ಟಿನ ನೆತ್ತಿಯ ಕ್ರೆಸ್ಟ್ ಗೇಟ್ ತೆರೆಯುತ್ತಾರೆ. ಆಗ ಬರುವ ನೀರು ಯಾರಿಗೂ ಬೇಡವಾದ ನೀರು, ಸಾಂಗಲಿಯನ್ನು ಮುಳುಗಿಸುವ ನೀರು. ಬೇಸಿಗೆಯಲ್ಲಿ ನೀರಾವರಿಗೆಂದು ಬಿಡುವುದು ಮುಖ್ಯವಾಗಿ ಅಣೆಕಟ್ಟಿನ ಪಾದದಲ್ಲಿರುವ 40 ಮೆಗಾವಾಟಿನ ಪುಟ್ಟ ವಿದ್ಯುದಾಗಾರದ ಮೂಲಕ. ಅದರ ಎರಡೂ ಘಟಕ ಓಡಿದರೆ ಸುಮಾರು 2,100 ಕ್ಯುಸೆಕ್, ಅಂದರೆ ಸೆಕೆಂಡಿಗೆ ಅಷ್ಟು ಘನ ಅಡಿ. ಈ ವೇಗದಲ್ಲಿ ಒಂದು ಟಿಎಂಸಿ ಹೊರಬರಲು ಐದೂವರೆ ದಿನ ಬೇಕು. ಹಾಗೆ ಬಂದ ನೀರು ಕರಾಡ ದಾಟಿ, ಸಾಂಗಲಿ ದಾಟಿ, ಮಿರಜ ತಾಲೂಕಿನ ಮ್ಹೈಸಾಳಕ್ಕೆ ತಲುಪಬೇಕು. ಅಲ್ಲಿಂದ ಪಂಪುಗಳು ಅದನ್ನು ಹಂತ ಹಂತವಾಗಿ ದಿಬ್ಬದ ಮೇಲಕ್ಕೆ ಎತ್ತಬೇಕು. ಆಮೇಲೆ ಕಾಲುವೆ, ಆಮೇಲೆ ಜತ್ತ.

ಪಶ್ಚಿಮಕ್ಕೆ ಎಷ್ಟು ಬಿಡಬಹುದು ಎಂಬುದನ್ನು ನಿಗದಿ ಮಾಡಿದ್ದು ಕೃಷ್ಣೆಯ ನೀರನ್ನು ರಾಜ್ಯಗಳಿಗೆ ಹಂಚಿದ ಮೊದಲ ನ್ಯಾಯಾಧಿಕರಣ, ಅಂದರೆ ಬಚಾವತ್ ನ್ಯಾಯಾಧಿಕರಣ. ಅದರ ತೀರ್ಪು 1976ರಲ್ಲಿ ಅಧಿಸೂಚನೆಯಾಯಿತು. ಕೊಯ್ನಾದ ವಿಷಯದಲ್ಲಿ ಆ ತೀರ್ಪು ಹಾಕಿದ ಮೆಟ್ಟಿಲುಗಳನ್ನು ನಮ್ಮ ಕಡೆ ಯಾರೂ ನೆನಪಿಸುವುದಿಲ್ಲ, ಆದರೆ ನನ್ನ ಮಟ್ಟಿಗೆ ಇಡೀ ವಿಷಯದ ಕೀಲಿ ಅಲ್ಲಿದೆ. 1974ರ ಜೂನ್ 1ರಿಂದ ಹತ್ತು ವರ್ಷ ವರ್ಷಕ್ಕೆ 97 ಟಿಎಂಸಿ. ನಂತರ ಐದು ವರ್ಷ 87. ಮತ್ತೈದು ವರ್ಷ 78. ಅದರ ನಂತರ 67.5. ಒಂದೇ ಏಟಿಗೆ ಕಡಿತ ಮಾಡದೆ, ಬೇರೆ ಕಡೆ ವಿದ್ಯುತ್ ಹುಡುಕಿಕೊಳ್ಳಲು ರಾಜ್ಯಕ್ಕೆ ಇಪ್ಪತ್ತು ವರ್ಷಗಳ ಕಾಲಾವಕಾಶ ಸಿಕ್ಕಂತಾಯಿತು. ಕೃಷ್ಣಾ ಕೊಳ್ಳದ ನೀರು ಕೊಳ್ಳದಲ್ಲೇ ಹೆಚ್ಚು ಉಪಯೋಗಕ್ಕೆ ಬರಲಿ ಎಂಬ ದಿಕ್ಕು ಆ ಅಂಕಿಗಳಲ್ಲೇ ಬರೆದಿದೆ. 1994ರಲ್ಲಿ ಕೊನೆಯ ಮೆಟ್ಟಿಲು ಬಂತು. ಅಲ್ಲಿಂದ ಇಲ್ಲಿಯವರೆಗೆ ಆ 67.5 ಒಂದು ಗರಿಷ್ಠ ಮಿತಿ ಎಂಬುದನ್ನು ಜನ ಮರೆತರು. ಅದು ಪಶ್ಚಿಮದ ಹಕ್ಕಿನ ಪಾಲು ಎಂಬಂತೆ ಮಾತು ರೂಢಿಗೆ ಬಂತು.

ಗಡಿನಾಡಿನ ಕಷ್ಟ ಒಂದೇ ನದಿಯದ್ದಲ್ಲ ಎಂಬುದನ್ನೂ ಹೇಳಬೇಕು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆಯ ಕನ್ನಡಿಗರ ನದಿ ಭೀಮೆ. ಆ ಭೀಮೆಯ ತಲೆಯನ್ನೂ 1910ರ ದಶಕದಿಂದಲೇ ಖೋಪೋಲಿ, ಭಿವಪುರಿ, ಭಿರಾ ವಿದ್ಯುದಾಗಾರಗಳ ಕಡೆಗೆ, ಅಂದರೆ ಸಮುದ್ರದ ಕಡೆಗೆ ತಿರುಗಿಸಿದ್ದಾರೆ. ಎರಡು ನದಿಗಳ ತಲೆ ಪಶ್ಚಿಮಕ್ಕೆ ಬಾಗಿದೆ, ಬಾಲದ ಬಳಿ ನಾವಿದ್ದೇವೆ.

ಒಂದು ಟಿಎಂಸಿಯ ಲೆಕ್ಕ

ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಲೀಟರಿನಲ್ಲಿ 2,831 ಕೋಟಿ. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ತುಂಬಿದರೆ 28 ಲಕ್ಷ ಟ್ಯಾಂಕರ್.

ಇಷ್ಟು ನೀರು ಪಶ್ಚಿಮಕ್ಕೆ ಬಿದ್ದರೆ ಏನಾಗುತ್ತದೆ? ಪೋಫಳಿಯ ಕಡೆ ಸುಮಾರು 480 ಮೀಟರ್, ಕೋಳಕೇವಾಡಿಯಲ್ಲಿ ಮತ್ತೆ ನೂರು ಮೀಟರಿನ ಮೇಲೆ. ಯಂತ್ರಗಳಲ್ಲಾಗುವ ನಷ್ಟ ಕಳೆದು ಲೆಕ್ಕ ಹಾಕಿದರೆ ಒಂದು ಟಿಎಂಸಿಯಿಂದ ಸುಮಾರು 4 ಕೋಟಿ ಯೂನಿಟ್ ವಿದ್ಯುತ್ ಹುಟ್ಟುತ್ತದೆ. ಅದೇ ನೀರು ಪೂರ್ವಕ್ಕೆ, ಅಣೆಕಟ್ಟಿನ ಪಾದದಿಂದ ಹೊರಬಂದರೆ ಬೀಳುವ ಎತ್ತರ ಅರವತ್ತು ಮೀಟರಿನ ಆಸುಪಾಸು. ಹುಟ್ಟುವುದು ಸುಮಾರು 40 ಲಕ್ಷ ಯೂನಿಟ್. ಹತ್ತರಲ್ಲಿ ಒಂದು ಪಾಲು. ವಿದ್ಯುತ್ತಿನ ಖಾತೆಯಿಂದ ನೋಡುವವರಿಗೆ ಪೂರ್ವಕ್ಕೆ ಬಿಟ್ಟ ಪ್ರತಿ ಹನಿಯೂ ನಷ್ಟವಾಗಿ ಕಾಣುವುದು ಇದರಿಂದಲೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಖಾತೆಪುಸ್ತಕದಲ್ಲಿ ಜೋಳದ ಕಾಲಂ ಇಲ್ಲ.

ಆ ಕಾಲಂ ಬರೆದುಕೊಳ್ಳೋಣ. ಹಿಂಗಾರಿ ಬಿಳಿಜೋಳಕ್ಕೆ ಹೊಡೆ ಬರುವಾಗ ಒಂದು, ಕಾಳು ಕಟ್ಟುವಾಗ ಇನ್ನೊಂದು, ಹೀಗೆ ಎರಡು ನೀರು ಸಿಕ್ಕರೆ ಬೆಳೆ ಉಳಿಯುತ್ತದೆ. ಎರಡೂ ಸೇರಿ 15 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಹೊಲ ಮುಟ್ಟಿದ ಒಂದು ಟಿಎಂಸಿ ಸುಮಾರು 46,000 ಎಕರೆಗೆ ಸಾಕು. ಹನಿ ನೀರಾವರಿಯ ದ್ರಾಕ್ಷಿ, ದಾಳಿಂಬೆ ತೋಟಕ್ಕೆ ವರ್ಷಕ್ಕೆ 40 ಸೆಂಟಿಮೀಟರ್ ಎಂದರೂ 17,000 ಎಕರೆ. ಕಬ್ಬಿಗೆ ಹಾಯಿ ನೀರು ಕೊಟ್ಟು ಎರಡು ಮೀಟರ್ ಕುಡಿಸಿದರೆ ಬರೀ 3,500 ಎಕರೆ. ಕಾಲುವೆಯಲ್ಲಿ ಇಂಗುವ, ಆವಿಯಾಗುವ ನೀರನ್ನು ನಾನು ಇಲ್ಲಿ ಕಳೆದಿಲ್ಲ. ಕಳೆದರೆ ಮೂರೂ ಅಂಕಿ ಒಟ್ಟಿಗೆ ಇಳಿಯುತ್ತವೆ, ಅವುಗಳ ನಡುವಿನ ಅನುಪಾತ ಹಾಗೇ ಉಳಿಯುತ್ತದೆ.

ಎತ್ತುವ ಖರ್ಚು ಬೇರೆ ಇದೆ. ಒಂದು ಟಿಎಂಸಿಯನ್ನು 100 ಮೀಟರ್ ಎತ್ತಲು ಪಂಪು, ಪೈಪುಗಳ ನಷ್ಟವೂ ಸೇರಿ ಸುಮಾರು ಒಂದು ಕೋಟಿ ಯೂನಿಟ್ ಬೇಕು. 200 ಮೀಟರ್ ಎತ್ತಬೇಕೆಂದರೆ ಎರಡು ಕೋಟಿ. ಪಶ್ಚಿಮಕ್ಕೆ ಬಿಡದೆ ಕಳೆದುಕೊಂಡ ಮೂರೂವರೆ ಕೋಟಿಯನ್ನೂ ಕೂಡಿಸಿದರೆ ಐದೂವರೆ ಕೋಟಿ ಯೂನಿಟ್. ಯೂನಿಟ್ಟಿಗೆ ಐದು ರೂಪಾಯಿ ಹಿಡಿದರೆ 28 ಕೋಟಿ ರೂಪಾಯಿಗೆ ಸ್ವಲ್ಪ ಕಡಿಮೆ.

ಈ ಮೊತ್ತ ದೊಡ್ಡದೆಂದು ಕಾಣುತ್ತದೆ. ಲೀಟರಿಗೆ ಭಾಗಿಸಿ ನೋಡಿ: ಒಂದು ಪೈಸೆ. ಹತ್ತು ಸಾವಿರ ಲೀಟರಿನ ಟ್ಯಾಂಕರಿಗೆ ನೂರು ರೂಪಾಯಿ. ಏಪ್ರಿಲ್ ತಿಂಗಳಲ್ಲಿ ದಾಳಿಂಬೆ ಗಿಡ ಒಣಗಬಾರದೆಂದು ಟ್ಯಾಂಕರ್ ತರಿಸಿದ ಯಾವ ರೈತನನ್ನಾದರೂ ಕೇಳಿ, ಅವನು ಕೊಟ್ಟದ್ದು ಇದರ ಎಷ್ಟು ಪಟ್ಟು ಎಂದು. ಕಾಲುವೆ, ಪೈಪು, ಪಂಪುಮನೆ ಕಟ್ಟಿದ ಹಣ ಇದರಲ್ಲಿ ಸೇರಿಲ್ಲ, ನಿಜ. ಆದರೆ ಅದರ ಬಹುಭಾಗ ಈಗಾಗಲೇ ಖರ್ಚಾಗಿ ಹೋದ ಹಣ. ಮ್ಹೈಸಾಳದಲ್ಲಿ ಪಂಪುಗಳು ನಿಂತಿವೆ, ಕಾಲುವೆ ಅಗೆದಿದೆ. ನೀರಿಲ್ಲದ ಕಾಲುವೆಗೂ ಅಷ್ಟೇ ಖರ್ಚು.

ಕೊಯ್ನಾದ ವಿದ್ಯುತ್ತಿಗೆ ಒಂದು ವಿಶೇಷ ಬೆಲೆ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕಲ್ಲಿದ್ದಲಿನ ಘಟಕ ಬಿಸಿಯಾಗಲು ಗಂಟೆಗಟ್ಟಲೆ ಬೇಕು. ಕೊಯ್ನಾದ ಟರ್ಬೈನು ಕೆಲವೇ ನಿಮಿಷಗಳಲ್ಲಿ ಓಡುತ್ತದೆ. ಸಂಜೆ ಏಳಕ್ಕೆ ಮುಂಬಯಿ, ಪುಣೆಯ ದೀಪಗಳು ಒಟ್ಟಿಗೆ ಹತ್ತಿದಾಗ ಜಾಲ ಕುಸಿಯದಂತೆ ಹಿಡಿಯುವುದು ಇಂಥ ವಿದ್ಯುತ್. ಸಂಜೆಯ ಯೂನಿಟ್ಟಿಗೆ ಐದು ರೂಪಾಯಿ ಎಂದದ್ದು ಕಡಿಮೆಯಾಯಿತು ಎಂದು ಯಾರಾದರೂ ವಾದಿಸಿದರೆ ನಾನು ಒಪ್ಪುತ್ತೇನೆ. ದುಪ್ಪಟ್ಟು ಹಿಡಿಯಿರಿ. ಲೀಟರಿಗೆ ಎರಡು ಪೈಸೆಯೊಳಗೇ ನಿಲ್ಲುತ್ತದೆ.

ಮತ್ತು ಕಾಲ ಬದಲಾಗಿದೆ. 1962ರಲ್ಲಿ ಸಂಜೆಯ ದೀಪಕ್ಕೆ ಬೆಟ್ಟದ ನೀರಿನಷ್ಟು ಚುರುಕಾದ ಬೇರೆ ದಾರಿ ಇರಲಿಲ್ಲ. ಈಗ ಮಧ್ಯಾಹ್ನದ ಬಿಸಿಲಿನ ವಿದ್ಯುತ್ ಅಗ್ಗ. ಅದನ್ನು ಸಂಜೆಗೆ ಕೂಡಿಡುವ ಬಗೆಯೂ ತಿಳಿದಿದೆ: ಮಧ್ಯಾಹ್ನ ಕೆಳಗಿನ ಕೆರೆಯಿಂದ ಮೇಲಿನ ಕೆರೆಗೆ ನೀರೆತ್ತಿ, ಸಂಜೆ ಅದೇ ನೀರನ್ನು ಇಳಿಸುವುದು. ಘಾಟಘರದಲ್ಲಿ 250 ಮೆಗಾವಾಟಿನ ಇಂಥ ಸ್ಥಾವರ 2008ರಿಂದ ಓಡುತ್ತಿದೆ. ಅಲ್ಲಿ ನೀರು ಸಮುದ್ರಕ್ಕೆ ಹೋಗುವುದಿಲ್ಲ, ಮೇಲೆ ಕೆಳಗೆ ಓಡಾಡುತ್ತದೆ. ಮಹಾರಾಷ್ಟ್ರ ಸರಕಾರ ಈಚಿನ ವರ್ಷಗಳಲ್ಲಿ ಸಹ್ಯಾದ್ರಿಯ ಉದ್ದಕ್ಕೂ ಇಂಥ ಹಲವು ಯೋಜನೆಗಳಿಗೆ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿದೆ. ಕಾಡಿನ ಮೇಲೆ ಅವುಗಳ ಹೊರೆ ಸಣ್ಣದಲ್ಲ, ಅದರ ಚರ್ಚೆ ಬೇರೆಯಾಗಿ ಆಗಬೇಕು. ಆದರೆ ಅವು ಬರುವುದೇ ಆದರೆ ಒಂದು ಪ್ರಶ್ನೆ ಕೇಳುವ ಹಕ್ಕು ಕೃಷ್ಣೆಯ ಬಾಲದವರಿಗೆ ಇದೆ: ಸಂಜೆಯ ದೀಪಕ್ಕೆ ಬೇರೆ ದಾರಿ ಸಿಕ್ಕಷ್ಟೂ ಪಶ್ಚಿಮದ ಮಿತಿ ಇನ್ನೊಂದು ಮೆಟ್ಟಿಲು ಇಳಿಯುತ್ತದೆಯೇ? 97, 87, 78, 67.5 ಎಂದು ಇಳಿದ ಮೆಟ್ಟಿಲು ಅಲ್ಲಿಗೇ ಯಾಕೆ ನಿಲ್ಲಬೇಕು?

ದಾರಿಯಲ್ಲಿ ನಿಂತ ಕಬ್ಬು

ನೀರು ಸುರಂಗದಲ್ಲಿ ಪಶ್ಚಿಮಕ್ಕೆ ಹೋಗುತ್ತದೆ ಎಂದು ದೂರುವುದು ಸುಲಭ. ಪೂರ್ವಕ್ಕೆ ಬಿಟ್ಟ ನೀರು ಎಲ್ಲಿ ನಿಲ್ಲುತ್ತದೆ ಎಂದು ಹೇಳುವುದು ಕಷ್ಟ, ಯಾಕೆಂದರೆ ಅಲ್ಲಿ ನೀರು ತಡೆಯುವವರು ನಮ್ಮದೇ ಜಿಲ್ಲೆಯವರು.

ಕರಾಡದಿಂದ ಮಿರಜದವರೆಗೆ ಕೃಷ್ಣೆಯ ಎರಡೂ ದಂಡೆ ಕಬ್ಬು. ಸಕ್ಕರೆ ಕಾರ್ಖಾನೆಗಳು, ಸಹಕಾರಿ ಸಂಘಗಳು, ಅವುಗಳ ಸುತ್ತ ಬೆಳೆದ ರಾಜಕಾರಣ. ನದಿಯಲ್ಲಿ ನೀರು ಬಂದ ಕೂಡಲೇ ದಂಡೆಯ ಸಾವಿರಾರು ಮೋಟಾರುಗಳು ಶುರುವಾಗುತ್ತವೆ. ಟಾಕಾರಿ, ಟೆಂಭು ಏತ ನೀರಾವರಿ ಯೋಜನೆಗಳೂ ನದಿಯ ಮೇಲ್ಭಾಗದಲ್ಲೇ ಇವೆ. ಮ್ಹೈಸಾಳ ಅವುಗಳ ಕೆಳಗೆ. ಜತ್ತ ಮ್ಹೈಸಾಳದ ಕಾಲುವೆಯ ಕೊನೆಗೆ. ಜತ್ತದೊಳಗೆ ಕನ್ನಡದ ಊರುಗಳು ಮತ್ತೂ ಪೂರ್ವಕ್ಕೆ. ಕೊನೆಯ ಕೊನೆಯಲ್ಲಿದ್ದೇವೆ. ನಮ್ಮ ಊರುಗಳ ಜನ ದಸರೆ ಮುಗಿಯುತ್ತಲೇ ಮಕ್ಕಳು ಮರಿ ಕಟ್ಟಿಕೊಂಡು ಗುಳೆ ಹೋಗುವುದು ಎಲ್ಲಿಗೆ? ಅದೇ ಕೃಷ್ಣೆಯ ದಂಡೆಗೆ, ಅದೇ ಕಬ್ಬು ಕಡಿಯಲು. ನೀರು ನಮ್ಮಲ್ಲಿಗೆ ಬರುವುದಿಲ್ಲ, ನಾವೇ ನೀರಿದ್ದಲ್ಲಿಗೆ ಹೋಗುತ್ತೇವೆ.

ಕೃಷ್ಣಾ-ಕೊಯ್ನಾ ಏತ ನೀರಾವರಿ ಯೋಜನೆ 1980ರ ದಶಕದಲ್ಲಿ ಮಂಜೂರಾಯಿತು. ಟಾಕಾರಿ ಮತ್ತು ಮ್ಹೈಸಾಳ ಅದರ ಎರಡು ಕೈಗಳು. ಜತ್ತದ ಕೆಲವು ಭಾಗಕ್ಕೆ ನೀರು ಮುಟ್ಟುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು. ಮುಟ್ಟಿದ ಮೇಲೂ ವಿದ್ಯುತ್ ಬಿಲ್ಲಿನ ಬಾಕಿಗೆ ಪಂಪುಗಳು ನಿಲ್ಲುತ್ತಿದ್ದವು. ಬಿಲ್ ಕಟ್ಟದೆ ಆವರ್ತನ (ಸರದಿಯ ನೀರು) ಇಲ್ಲ, ಆವರ್ತನ ಬರದೆ ಪಾಣಿಪಟ್ಟಿ (ನೀರಿನ ಕರ) ಕಟ್ಟುವುದಿಲ್ಲ ಎಂಬ ಹಗ್ಗಜಗ್ಗಾಟ. ನಂತರ ಸರಕಾರ ಬಿಲ್ಲಿನ 81 ಪಾಲು ತಾನು ಹೊತ್ತು, 19 ಪಾಲು ರೈತರಿಂದ ಪಡೆಯುವ ಸೂತ್ರ ತಂದಿತು. ಅದು ಒಳ್ಳೆಯ ಹೆಜ್ಜೆ. ಆದರೆ ರೈತನ ಪಾಲು ಹೆಚ್ಚು ಸಲೀಸಾಗಿ ವಸೂಲಾಗುವುದು ಕಾರ್ಖಾನೆಗೆ ಹೋಗುವ ಕಬ್ಬಿನ ಬಿಲ್ಲಿನಿಂದ. ಕಬ್ಬು ಬೆಳೆದವನ ಪಾಣಿಪಟ್ಟಿ ತಾನಾಗಿ ಬರುತ್ತದೆ, ಜೋಳ ಬೆಳೆದವನದು ಮನೆಮನೆಗೆ ಹೋಗಿ ಕೇಳಬೇಕು. ಹೀಗೆ ಬರದ ನಾಡಿಗೆಂದು ಎತ್ತಿದ ನೀರು ಕೂಡ ನಿಧಾನವಾಗಿ ಕಬ್ಬಿನ ಕಡೆ ವಾಲುತ್ತದೆ. ಕಾಲುವೆ ಹತ್ತಿರವಾದ ನಮ್ಮ ರೈತರೂ ಕಬ್ಬು ಹಾಕಲು ಶುರು ಮಾಡಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಖಚಿತ ಬೆಲೆ ಇರುವ ಬೆಳೆ ಅದೊಂದೇ. ಆದರೂ ಹೇಳಬೇಕಾದ ಮಾತು ಹೇಳುತ್ತೇನೆ: ಮೂರೂವರೆ ಸಾವಿರ ಎಕರೆ ಕಬ್ಬಿಗಾಗಿ ನಲವತ್ತಾರು ಸಾವಿರ ಎಕರೆ ಜೋಳವನ್ನು ಒಣಗಿಸುವುದಾದರೆ, ಕೊಯ್ನಾದ ನೀರನ್ನು ಪೂರ್ವಕ್ಕೆ ಕೇಳುವ ನೈತಿಕ ಬಲ ನಮಗೆ ಉಳಿಯುವುದಿಲ್ಲ. ಪಶ್ಚಿಮದಲ್ಲಿ ಆ ನೀರಿನಿಂದ ದೀಪವಾದರೂ ಹತ್ತುತ್ತದೆ.

ಎರಡು ಒಳ್ಳೆಯ ಬೆಳವಣಿಗೆಗಳಿವೆ. ಮ್ಹೈಸಾಳದ ಪಂಪುಗಳನ್ನು ಸೌರ ವಿದ್ಯುತ್ತಿನಿಂದ ಓಡಿಸುವ ಯೋಜನೆಗೆ ಜರ್ಮನಿಯ ಕೆಎಫ್‌ಡಬ್ಲ್ಯು ಬ್ಯಾಂಕಿನ ಸಾಲ ಪಡೆಯುವ ಕೆಲಸ ನಡೆದಿದೆ. ಏತ ನೀರಾವರಿಗೂ ಬಿಸಿಲಿಗೂ ಹೊಂದಾಣಿಕೆ ಸಹಜ: ಕೆರೆಗೆ ನೀರೆತ್ತುವ ಪಂಪಿಗೆ ಸಂಜೆಯ ವಿದ್ಯುತ್ತೇ ಬೇಕೆಂದಿಲ್ಲ. ಇನ್ನೊಂದು, ಜತ್ತದಲ್ಲಿ ಮೂಲ ಯೋಜನೆಯಿಂದ ಬಿಟ್ಟುಹೋದ 65 ಹಳ್ಳಿಗಳಿಗಾಗಿ ಬಂದ ವಿಸ್ತರಿತ ಮ್ಹೈಸಾಳ ಯೋಜನೆ. ಸುಮಾರು 2,000 ಕೋಟಿ ರೂಪಾಯಿಯದು. ವಾರಣಾ ನದಿಯ 6 ಟಿಎಂಸಿ ನೀರನ್ನು ಇದಕ್ಕೆ ತೋರಿಸಲಾಗಿದೆ. ಇದಕ್ಕೆ ವೇಗ ಬಂದ ಸಂದರ್ಭ ನೆನಪಿಡುವಂಥದ್ದು. 2022ರ ನವೆಂಬರಿನಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಜತ್ತದ ಹಳ್ಳಿಗಳು ಕರ್ನಾಟಕ ಸೇರಲು ನಿರ್ಣಯ ಮಾಡಿದ್ದನ್ನು ಎತ್ತಿದರು. ಕೆಲವೇ ದಿನಗಳಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಗಡಿ ದಾಟಿ ತಿಕ್ಕುಂಡಿಯ ಕೆರೆಗೆ ಬಂತು. ಅಂದು ಕೆರೆಯ ಏರಿಯ ಮೇಲೆ ನಿಂತವರಿಗೆ ಅದು ರಾಜಕೀಯವಾಗಿ ಕಾಣಲಿಲ್ಲ. ಕೆರೆಯಲ್ಲಿ ನೀರು ಕಂಡಿತು. ನಂತರವೇ ಮುಂಬಯಿಯಲ್ಲಿ ವಿಸ್ತರಿತ ಯೋಜನೆಯ ಕಡತ ಓಡತೊಡಗಿದ್ದು. ನಲವತ್ತು ವರ್ಷದ ಮನವಿಗಳಿಂದ ಆಗದ್ದು ಗಡಿಯ ಮಾತಿನಿಂದ ಆಯಿತು ಎಂಬುದು ಎರಡೂ ಸರಕಾರಗಳು ಯೋಚಿಸಬೇಕಾದ ಸಂಗತಿ.

ತುಬಚಿಯ ನೀರೂ ಕೃಷ್ಣೆಯದೇ. ನೆಲದ ಇಳಿಜಾರು ನೋಡಿದರೆ ಜತ್ತದ ಪೂರ್ವದ ಹಳ್ಳಿಗಳಿಗೆ ಆ ಕಡೆಯಿಂದ ನೀರು ಬರುವುದು ಎಷ್ಟೋ ಸಲೀಸು. ಬೇಸಿಗೆಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರಕ್ಕೆ ಕುಡಿಯುವ ನೀರು ಬೇಕಾದಾಗ ಮಹಾರಾಷ್ಟ್ರ ಕೊಯ್ನಾ, ವಾರಣಾದಿಂದ ಬಿಡುವುದು, ಅದಕ್ಕೆ ಬದಲಾಗಿ ಕರ್ನಾಟಕ ಜತ್ತ, ಅಕ್ಕಲಕೋಟೆಗೆ ಕೊಡುವುದು, ಹೀಗೆ 4 ಟಿಎಂಸಿ ವಿನಿಮಯದ ಪ್ರಸ್ತಾಪ 2019ರ ಬೇಸಿಗೆಯಲ್ಲಿ ಬಂದಿತ್ತು. ಅದಕ್ಕೂ ಹಿಂದೆ ಕರ್ನಾಟಕ ಹಣ ಕೊಟ್ಟು ನೀರು ಪಡೆಯುತ್ತಿತ್ತು. ನೀರಿಗೆ ನೀರು ಎಂಬುದು ಹಣಕ್ಕಿಂತ ಒಳ್ಳೆಯ ಒಪ್ಪಂದ. ಎರಡೂ ರಾಜ್ಯಗಳ ಶಕ್ತಿ ಮಾತ್ರ ಕರ್ನಾಟಕದ ಆಲಮಟ್ಟಿ ಅಣೆಕಟ್ಟಿನ ಎತ್ತರ 519.6 ಮೀಟರೇ, 524.256 ಮೀಟರೇ ಎಂಬ ಜಗಳದಲ್ಲಿ ಕರಗುತ್ತದೆ. 2005, 2019, 2021ರ ನೆರೆ ಕಂಡ ಸಾಂಗಲಿಯವರಿಗೆ ಆಲಮಟ್ಟಿಯ ಹಿನ್ನೀರಿನ ಬಗ್ಗೆ ಇರುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಆ ಜಗಳದ ಗದ್ದಲದಲ್ಲಿ ತಿಕ್ಕುಂಡಿಯ ಕೆರೆ ಯಾರಿಗೂ ಕೇಳಿಸುವುದಿಲ್ಲ.

ಗೋದಾವರಿಯಲ್ಲಿ ಇರುವ ನಿಯಮ

2023ರಲ್ಲಿ ಮಳೆ ಕೈಕೊಟ್ಟಿತು. ಕೊಯ್ನಾ ತುಂಬಲಿಲ್ಲ. ಆ ವರ್ಷದ ಕೊನೆಯಲ್ಲಿ ಸಾಂಗಲಿಗೆ ನೀರು ಬಿಡುವ ವಿಷಯಕ್ಕೆ ಸಾತಾರಾ ಮತ್ತು ಸಾಂಗಲಿಯ ನಾಯಕರ ನಡುವೆ ಬಹಿರಂಗ ಜಟಾಪಟಿ ನಡೆಯಿತು. ಯಾರು ಯಾರಿಗೆ ಫೋನ್ ಮಾಡಿದರು, ಯಾರ ಮಾತಿಗೆ ಗೇಟು ತೆರೆಯಿತು ಎಂಬುದೇ ಸುದ್ದಿಯಾಯಿತು. ನನಗೆ ಅದರಲ್ಲಿ ಕಂಡ ದೋಷ ಒಬ್ಬ ನಾಯಕನದ್ದಲ್ಲ. ಬರದ ವರ್ಷ ಯಾರಿಗೆ ಎಷ್ಟು ಎಂದು ಮೊದಲೇ ಬರೆದಿಟ್ಟು ಎಲ್ಲರಿಗೂ ಓದಲು ಸಿಗುವ ನಿಯಮ ಇದ್ದಿದ್ದರೆ ಫೋನ್ ಮಾಡುವ ಅಗತ್ಯವೇ ಬರುತ್ತಿರಲಿಲ್ಲ.

ಅಂಥ ನಿಯಮ ಮಹಾರಾಷ್ಟ್ರಕ್ಕೆ ಹೊಸದೂ ಅಲ್ಲ. ಗೋದಾವರಿಯಲ್ಲಿ ಮೇಲಿನ ನಾಸಿಕ, ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಗಳ ಅಣೆಕಟ್ಟುಗಳು ತುಂಬಿದ್ದು, ಕೆಳಗೆ ಮರಾಠವಾಡದ ಜಾಯಕವಾಡಿ ಜಲಾಶಯ ಬರಿದಾಗಿರುತ್ತಿತ್ತು. 2005ರ ಜಲಸಂಪತ್ತು ನಿಯಂತ್ರಣ ಪ್ರಾಧಿಕಾರದ ಕಾಯಿದೆಯಲ್ಲಿ ಕೊರತೆಯ ವರ್ಷ ಇಡೀ ಕೊಳ್ಳ ಕಷ್ಟವನ್ನು ಸಮನಾಗಿ ಹಂಚಿಕೊಳ್ಳಬೇಕು ಎಂಬ ತತ್ವ ಇದೆ. ಅದರ ಆಧಾರದ ಮೇಲೆ ಪ್ರಾಧಿಕಾರ 2014ರಲ್ಲಿ ಆದೇಶ ಮಾಡಿತು: ಅಕ್ಟೋಬರ್ 15ರಂದು ಜಾಯಕವಾಡಿಯ ಬಳಕೆಯ ಸಂಗ್ರಹ 65 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಮೇಲಿನವರು ನೀರು ಬಿಡಬೇಕು. ಮೇಲಿನವರು ನ್ಯಾಯಾಲಯಕ್ಕೆ ಹೋದರು. 2016ರಲ್ಲಿ ಮುಂಬಯಿ ಹೈಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು. ಈಗಲೂ ಬರದ ವರ್ಷ ಅಲ್ಲಿ ಗಲಾಟೆ ಆಗುತ್ತದೆ, ಮೋರ್ಚಾ ಹೋಗುತ್ತವೆ. ಆದರೆ ಮರಾಠವಾಡದ ರೈತನ ಕೈಯಲ್ಲಿ ಒಂದು ದಿನಾಂಕ ಮತ್ತು ಒಂದು ಅಂಕಿ ಇದೆ. ಕೃಷ್ಣೆಯ ಬಾಲದವನ ಕೈಯಲ್ಲಿ ಅದೂ ಇಲ್ಲ.

ಅದೇ ಕಾಯಿದೆ, ಅದೇ ರಾಜ್ಯ. ಕೊಯ್ನಾಕ್ಕೆ ಇಂಥದ್ದೊಂದು ಸೂತ್ರ ಬರೆಯಲು ಅಂತರರಾಜ್ಯ ವಿವಾದ ಅಡ್ಡಿಯಾಗುವುದಿಲ್ಲ. ಎರಡನೆಯ ಕೃಷ್ಣಾ ನ್ಯಾಯಾಧಿಕರಣದ ತೀರ್ಪು 2010ರಲ್ಲಿ ಬಂದರೂ ಸುಪ್ರೀಂ ಕೋರ್ಟಿನ ತಡೆಯಿಂದ ಅಧಿಸೂಚನೆಯಾಗಿಲ್ಲ, ಅದು ಎಂದು ಇತ್ಯರ್ಥವಾಗುತ್ತದೋ ಕಾಯಬೇಕಾಗಿಲ್ಲ. 67.5 ಗರಿಷ್ಠ ಮಿತಿಯಾದ್ದರಿಂದ ಅದಕ್ಕಿಂತ ಕಡಿಮೆ ಬಿಡಲು ಯಾವ ರಾಜ್ಯದ ಒಪ್ಪಿಗೆಯೂ ಬೇಡ. ನನ್ನ ಪ್ರಕಾರ ಸೂತ್ರ ಹೀಗಿರಬಹುದು. ಅಕ್ಟೋಬರ್ 15ರಂದು ಕೊಯ್ನಾ ಪೂರ್ತಿ ತುಂಬಿದ್ದರೆ ಈಗಿನಂತೆಯೇ ನಡೆಯಲಿ. ತುಂಬದಿದ್ದರೆ ಕೊರತೆಯ ಮೊದಲ ಪಾಲನ್ನು ಪಶ್ಚಿಮದ ಸುರಂಗ ಹೊರಲಿ, ಸಂಜೆಯ ಗಂಟೆಗಳ ವಿದ್ಯುತ್ತನ್ನು ಮಾತ್ರ ಉಳಿಸಿಕೊಂಡು. ಹಾಗೆ ಉಳಿದ ನೀರಿನಲ್ಲಿ ಕುಡಿಯುವುದಕ್ಕೆ ಮೊದಲ ಪಾಲು, ಹಿಂಗಾರಿ ಬೆಳೆಗೆ ಎರಡನೆಯದು. ಕಬ್ಬಿಗೆ ಆ ವರ್ಷ ಹನಿ ನೀರಾವರಿ ಇದ್ದವರಿಗೆ ಮಾತ್ರ. ಮತ್ತು ಮ್ಹೈಸಾಳದ ಆವರ್ತನ ಕಾಲುವೆಯ ಕೊನೆಯಿಂದ ಶುರುವಾಗಿ ಮೇಲಕ್ಕೆ ಬರಲಿ. ಹಳೆಯ ಕೆರೆ ನೀರಾವರಿಯಲ್ಲಿ ಬಾಲದ ಗದ್ದೆಗೆ ಮೊದಲು ನೀರು ಕೊಡುವ ಪದ್ಧತಿ ಎಷ್ಟೋ ಊರುಗಳಲ್ಲಿ ಇತ್ತು. ಹಾಗೆ ಮಾಡಿದರೆ ಮೇಲಿನವನು ಕಾಲುವೆ ಒಡೆಯುವುದಿಲ್ಲ, ತನ್ನ ಸರದಿಗಾಗಿ ಕೆಳಗಿನವನ ಹೊಲ ಬೇಗ ತೊಯ್ಯಲಿ ಎಂದು ತಾನೇ ಕಾಲುವೆ ಕಾಯುತ್ತಾನೆ.

ಹತ್ತು ಟಿಎಂಸಿ ಕೇಳುತ್ತಿಲ್ಲ. ಬರದ ವರ್ಷದಲ್ಲಿ ಎರಡು ಟಿಎಂಸಿ ಜತ್ತದ ಕೆರೆಗಳನ್ನು ಮುಟ್ಟಿದರೆ ಸಂಖದ ಜಲಾಶಯ, ದೊಡ್ಡನಾಲಾ, ಊರೂರಿನ ಪಾಝರ ತಲಾವುಗಳು (ಇಂಗುಕೆರೆಗಳು) ನೀರು ಕಾಣುತ್ತವೆ, ಸುತ್ತಲಿನ ಬಾವಿಗಳ ಸೆಲೆ ಏಳುತ್ತದೆ. ಮಾಡಗ್ಯಾಳದ ಕುರಿಗಳನ್ನು ಬೇಸಿಗೆಗೆ ಮಾರುವ ಅಗತ್ಯ ಕಡಿಮೆಯಾಗುತ್ತದೆ. ಎರಡು ಟಿಎಂಸಿ ಅಂದರೆ ಪಶ್ಚಿಮದ ಗರಿಷ್ಠ ಮಿತಿಯ ನೂರರಲ್ಲಿ ಮೂರು ಪಾಲು.

ಮೊದಲ ಹೆಜ್ಜೆಗೆ ಹಣವೂ ಬೇಡ, ಸುರಂಗವೂ ಬೇಡ. ಪ್ರತಿ ಅಕ್ಟೋಬರ್ 15ರಂದು ಒಂದು ಹಾಳೆ ಹೊರಬರಲಿ: ಕೊಯ್ನಾದಲ್ಲಿ ಎಷ್ಟಿದೆ, ಪಶ್ಚಿಮಕ್ಕೆ ಎಷ್ಟು, ಪೂರ್ವಕ್ಕೆ ಎಷ್ಟು, ಮ್ಹೈಸಾಳದಲ್ಲಿ ಎತ್ತುವುದು ಎಷ್ಟು, ಜತ್ತದ ಯಾವ ಕೆರೆಗೆ ಯಾವ ವಾರ. ಕಾಲುವೆ ಸಲಹಾ ಸಮಿತಿಯ ಸಭೆಯ ನಿರ್ಣಯ ನಮ್ಮ ಊರಿಗೆ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ ಆವರ್ತನವೇ ಮುಗಿದಿರುತ್ತದೆ. ಆ ಹಾಳೆ ಮರಾಠಿಯಲ್ಲಿ ಇರಲಿ, ಪಕ್ಕದಲ್ಲಿ ಕನ್ನಡದಲ್ಲೂ ಇರಲಿ. ಸಂಖದ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ನಿಂತು ಓದುವವರು ಬೇಕಾದಷ್ಟು ಜನ ಇದ್ದಾರೆ.